ತಿದ್ದುವ ಕೈಗೊಂದು ಉಂಬಳಿ

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೊಂದು ಹಳೆಯ ದೂರಿದೆ. ಓಪನ್ ಸೋರ್ಸ್ ತಂತ್ರಾಂಶವನ್ನು ಹಗಲಿರುಳು ಬಳಸುತ್ತಾರೆ, ಅದಕ್ಕೆ ತಮ್ಮದೆಂದು ಒಂದು ಸಾಲನ್ನೂ ಸೇರಿಸುವುದಿಲ್ಲ ಎಂಬ ದೂರು. ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಆರಂಭವಾಗಿ 2005ರಿಂದ ಫಾಸ್ ಡಾಟ್ ಇನ್ ಎನಿಸಿಕೊಂಡ ಸಮ್ಮೇಳನವನ್ನು ಮುನ್ನಡೆಸಿದ ಅತುಲ್ ಚಿಟ್ನಿಸ್ ಇದನ್ನು ಮತ್ತೆ ಮತ್ತೆ ಎತ್ತಿದವರು. ವರ್ಷ ಕಳೆದಂತೆ ಆ ಸಮ್ಮೇಳನ ಭಾಷಣಗಳನ್ನು ಕಡಿಮೆ ಮಾಡಿ, ಕೂತು ಕೆಲಸ ಮಾಡುವ ಗೋಷ್ಠಿಗಳಿಗೆ ಹೆಚ್ಚು ಜಾಗ ಕೊಟ್ಟದ್ದೂ ಇದೇ ಕೊರಗಿನಿಂದ. ದೂರಿನಲ್ಲಿ ಹುರುಳಿದೆ. ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣದಲ್ಲಿ ಮಾತ್ರ ಹುರುಳಿಲ್ಲ. ನಮ್ಮದು ಬಾಯಿಪಾಠದ ಪರಂಪರೆ, ಗುರು ಹೇಳಿದ್ದನ್ನು ಶಿಷ್ಯ ಒಪ್ಪಿಸುವುದೇ ವಿದ್ಯೆ, ಹಾಗಾಗಿ ಇನ್ನೊಬ್ಬರು ಬರೆದದ್ದನ್ನು ತಿದ್ದಿ ಬೆಳೆಸುವ ಗುಣ ನಮ್ಮ ಹುಡುಗರಿಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಮತ್ತು ಅವುಗಳ ಸುತ್ತಲಿನ ನೆಲದ ಸಾವಿರ ವರ್ಷಗಳ ದಾಖಲೆಯ ಮುಂದೆ ಈ ಮಾತು ನಿಲ್ಲುವುದಿಲ್ಲ. ಹಲವರ ಕೈ ಸೇರಿ ಪಠ್ಯವೊಂದು ಬೆಳೆಯುವ ಪದ್ಧತಿ ಇಲ್ಲಿಗೆ ಹೊಸತಲ್ಲ. ಅಪರೂಪವಾಗಿದ್ದದ್ದು ಆ ಪಠ್ಯವನ್ನು ಕಾಯುವ, ತಿದ್ದುಪಡಿಯನ್ನು ಪರಿಶೀಲಿಸುವ, ಆ ಕೆಲಸದಿಂದಲೇ ಹೊಟ್ಟೆ ಹೊರೆಯಬಲ್ಲ ಜನ. ಅಂಥ ಏರ್ಪಾಡು ಇದ್ದಾಗ ಕೆಲಸ ಉಳಿದಿದೆ, ಇಲ್ಲದಾಗ ಎಂಥ ಆದರ್ಶವೂ ಅದನ್ನು ಉಳಿಸಿಲ್ಲ.

ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರ ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ಬಗ್ಗೆ ಮಾತಾಡುವವರೆಲ್ಲ ಈ ಹೆಸರು ಕೇಳಿರುತ್ತಾರೆ. ಅದರ ಆರಂಭವನ್ನು ಓದಿದವರು ಕಡಿಮೆ. ಮೂಲ ಯಾಜ್ಞವಲ್ಕ್ಯನದು, ಅದನ್ನು ವಿಶ್ವರೂಪ ಈಗಾಗಲೇ ವಿಸ್ತರಿಸಿದ್ದಾನೆ, ಆದರೆ ಅವನ ಮಾತು ಕಠಿಣ, ಆದ್ದರಿಂದ ಕಲಿಯುವವರಿಗೆ ತಿಳಿಯಲೆಂದು ಮಿತವಾದ ನೇರ ಮಾತಿನಲ್ಲಿ ಬಿಡಿಸಿಡುತ್ತಿದ್ದೇನೆ ಎಂದು ವಿಜ್ಞಾನೇಶ್ವರ ಅಲ್ಲಿ ಹೇಳಿಕೊಳ್ಳುತ್ತಾನೆ. ತಂತ್ರಾಂಶದ ಯೋಜನೆಯೊಂದಕ್ಕೆ ತಿದ್ದುಪಡಿ ಕಳಿಸುವವರು ಇಂದು ಬರೆಯಬೇಕಾದ ಟಿಪ್ಪಣಿಯಲ್ಲೂ ಇವೇ ಇರಬೇಕು: ಯಾರ ಕೆಲಸದ ಮೇಲೆ ಕಟ್ಟುತ್ತಿದ್ದೇನೆ, ಅದರಲ್ಲಿ ಏನು ತೊಡಕಿದೆ, ಯಾರಿಗೆ ಅನುಕೂಲವಾಗಲೆಂದು ಬದಲಿಸುತ್ತಿದ್ದೇನೆ. ಸರಪಳಿ ವಿಜ್ಞಾನೇಶ್ವರನಲ್ಲಿಗೂ ನಿಲ್ಲಲಿಲ್ಲ. ವಿಶ್ವೇಶ್ವರ ಭಟ್ಟನ ‘ಸುಬೋಧಿನೀ’, ಲಕ್ಷ್ಮೀದೇವಿ ಎಂಬ ಹೆಣ್ಣುಮಗಳ ಹೆಸರಿನಲ್ಲಿರುವ ‘ಬಾಲಂಭಟ್ಟೀ’ ಮಿತಾಕ್ಷರಾದ ಮೇಲೆಯೇ ಹುಟ್ಟಿದ ವ್ಯಾಖ್ಯಾನಗಳು. ಹೆಣ್ಣಿನ ಹಕ್ಕಿನ ವಿಷಯದಲ್ಲಿ ಬಾಲಂಭಟ್ಟೀ ಮೂಲಕ್ಕಿಂತ ಉದಾರ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ನ್ಯಾಯಾಲಯಗಳೂ ಅದನ್ನು ಹಿಡಿದವು. ಕೂಡುಕುಟುಂಬದ ಆಸ್ತಿಯಲ್ಲಿ ಮಗನಿಗಿದ್ದಂತೆ ಮಗಳಿಗೂ ಜನ್ಮಸಿದ್ಧ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಿತು, ಸಂಸತ್ತು 2005ರಲ್ಲಿ. ಕಲ್ಯಾಣದಲ್ಲಿ ಬರೆದ ಪಠ್ಯವೊಂದರ ದೋಷ ಸರಿಪಡಿಸಲು ಒಂಬತ್ತು ಶತಮಾನ ಹಿಡಿಯಿತೆಂದರೆ ಪರಿಶೀಲನೆ ತುಸು ನಿಧಾನವಾಯಿತೆಂದೇ ಹೇಳಬೇಕು.

ಹೀಗೆ ಬೆಳೆಯುತ್ತ ಹೋದ ಪಠ್ಯಕ್ಕೆ ಎದುರಾಗಿ ನಿಲ್ಲಿಸಿ ನೋಡಬೇಕಾದ ವಸ್ತು ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿದೆ. ಅಲ್ಲಿನ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ, ಶಿಲಾಬಾಲಿಕೆಯರ ಸಾಲಿನಲ್ಲಿ, ಒಬ್ಬಳು ಕೈಯಲ್ಲಿ ಬರೆಯುವ ಸಾಧನ ಹಿಡಿದು ಫಲಕದ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಅಲ್ಲಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಇವಳನ್ನು ಕಂಡು ಅಂದಿನ ಹೆಣ್ಣುಮಕ್ಕಳೆಲ್ಲ ಓದುಬರಹ ಬಲ್ಲವರಾಗಿದ್ದರು ಎಂದು ಬರೆಯುವವರಿದ್ದಾರೆ. ಶಿಲ್ಪವೊಂದರಿಂದ ಅಷ್ಟು ದೂರ ಜಿಗಿಯಬಾರದು. ಬರೆಯುವ ಕ್ರಿಯೆಯೇ ಊರ ಜನ ನಿಂತು ನೋಡುವ ಚೆಲುವಾಗಿತ್ತು ಎಂಬಷ್ಟನ್ನು ಒಪ್ಪಬಹುದು. ಆದರೆ ಅವಳು ಬರೆಯುತ್ತಿರುವುದು ಮುಗಿದ ಪಠ್ಯ. ಕಲ್ಲಿನ ಮೇಲಿನ ಹೊಗಳಿಕೆಯಲ್ಲಿ ಯಾರೂ ಒಂದಕ್ಷರ ತಿದ್ದುವಂತಿಲ್ಲ, ತಿದ್ದಿದರೆ ಅಪರಾಧ. ಓಲೆಗರಿಯ ಲೋಕ ಬೇರೆ. ಗರಿ ಹುಳ ಹಿಡಿಯುತ್ತದೆ, ಮುರಿಯುತ್ತದೆ. ಉಳಿಸಬೇಕಾದರೆ ಮತ್ತೆ ಪ್ರತಿ ಮಾಡಲೇಬೇಕು. ಪ್ರತಿ ಮಾಡುವವನು ಓದಲೇಬೇಕು, ಓದಿದವನ ಕಣ್ಣಿಗೆ ತಪ್ಪು ಬೀಳುತ್ತದೆ, ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಸರಿ ಎಂಬ ವಾದ ಹುಟ್ಟುತ್ತದೆ. ನಾಡಿನ ವಿದ್ಯೆ ಬೆಳೆದದ್ದು ಈ ಗರಿಗಳಲ್ಲಿ. ನಮ್ಮ ಪರಂಪರೆಯನ್ನು ಬರೀ ಬಾಯಿಪಾಠ ಎನ್ನುವವರು ಗರಿಯನ್ನು ಮರೆತು ಕಲ್ಲನ್ನಷ್ಟೇ ನೋಡಿದ್ದಾರೆ.

ಗರಿಗಳನ್ನು ಕಾಯುವವರು ಯಾರು? ಇದಕ್ಕೆ ಉತ್ತರವನ್ನು, ಚೋದ್ಯವೆಂದರೆ, ಕಲ್ಲೇ ಕೊಡುತ್ತದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಮೊದಲನೆಯ ಸೋಮೇಶ್ವರನ ಕಾಲದ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕ ಹೇಳುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಪಾಠ ಹೇಳುವವರು ಆರು ಜನ, ಪುಸ್ತಕ ನೋಡಿಕೊಳ್ಳುವವರೂ ಆರು ಜನ! ಇಂದಿನ ಯಾವ ಕಾಲೇಜಿನ ಆಡಳಿತ ಮಂಡಳಿಯ ಮುಂದೆ ಈ ಪ್ರಮಾಣವನ್ನಿಟ್ಟರೂ ನಕ್ಕಾರು. ವಿದ್ಯಾರ್ಥಿಗಳ ಅನ್ನ ಬಟ್ಟೆಗೂ ಉಪಾಧ್ಯಾಯರ ಜೀವನಕ್ಕೂ ಅಲ್ಲಿ ದತ್ತಿಯ ಏರ್ಪಾಡಿತ್ತು. ಭಂಡಾರಿಗರೂ ಆ ಏರ್ಪಾಡಿನೊಳಗೇ ಇದ್ದರು. ಗ್ರಂಥವನ್ನು ಸುಸ್ಥಿತಿಯಲ್ಲಿಡುವುದು ಬಿಡುವಿನ ವೇಳೆಯ ಸೇವೆಯಲ್ಲ, ಪೂರ್ಣಾವಧಿಯ ಹುದ್ದೆ ಎಂದು ಹನ್ನೊಂದನೆಯ ಶತಮಾನದ ದಂಡನಾಯಕರಿಗೆ ಗೊತ್ತಿತ್ತು. ಓಪನ್ ಸೋರ್ಸ್ ಲೋಕದಲ್ಲಿ ಮೇಂಟೇನರ್ ಎನಿಸಿಕೊಂಡವರ ಗೋಳು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ. ಹೊಸ ವಿದ್ಯಾರ್ಥಿ ಕಳಿಸಿದ ತಿದ್ದುಪಡಿಯನ್ನು ಓದಿ, ತಪ್ಪು ತೋರಿಸಿ, ಮರಳಿ ಕಳಿಸಿ, ಮತ್ತೆ ಓದುವ ಕೆಲಸ ಅವರದು. ಬಹಳ ಕಡೆ ಅದಕ್ಕೆ ಸಂಬಳವಿಲ್ಲ. ಪರಿಶೀಲಿಸುವವರಿಲ್ಲದೆ ವಿದ್ಯಾರ್ಥಿಗಳನ್ನಷ್ಟೇ ಹುರಿದುಂಬಿಸಿದರೆ ತಿದ್ದುಪಡಿಗಳು ಬಾಗಿಲಲ್ಲೇ ಕೊಳೆಯುತ್ತವೆ, ಕಳಿಸಿದವರು ಎರಡನೆಯ ಸಲ ಬರುವುದಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಬಾರದು. ಘಟಿಕಾಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅಲ್ಲಿ ಅನ್ನ, ಪಾಠ, ಪುಸ್ತಕ ಎಲ್ಲವೂ ಒಂದು ಜಾತಿಯ ಗಂಡುಮಕ್ಕಳಿಗೆ. ಮಿತಾಕ್ಷರಾ ಎತ್ತಿಹಿಡಿದ ಧರ್ಮವೂ ಹುಟ್ಟಿನ ಮೇಲೆ ನಿಂತದ್ದು. ಅದನ್ನು ಮುಕ್ತ ಜ್ಞಾನದ ಪೂರ್ವಜ ಎನ್ನುವುದು ಇತಿಹಾಸಕ್ಕೆ ಬಣ್ಣ ಬಳಿದಂತೆ. ಆಕ್ಷೇಪ ಸರಿಯೇ. ಆ ಪಠ್ಯ ಬೆಳವಣಿಗೆಗೆ ತೆರೆದಿತ್ತು, ಪ್ರವೇಶಕ್ಕೆ ಮುಚ್ಚಿತ್ತು. ಅದೇ ಕಲ್ಯಾಣದಲ್ಲಿ, ಮಿತಾಕ್ಷರಾ ಬರೆದ ಕೆಲವೇ ದಶಕಗಳಲ್ಲಿ, ಬಾಗಿಲು ಮುರಿದವರು ಶರಣರು. ದೊರೆ ಬಿಜ್ಜಳನ ಭಂಡಾರಿ ಬಸವಣ್ಣ, ಡೋಹಾರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ಒಂದೇ ಮಾತಿನ ಮನೆಗೆ ತಂತಮ್ಮ ಕಂಬ ತಂದು ನಿಲ್ಲಿಸಿದರು. ಸೇರಲು ಬೇಕಿದ್ದ ಅರ್ಹತೆ ಕಾಯಕ. ಪ್ರತಿ ವಚನದ ಕೊನೆಯಲ್ಲಿ ಅಂಕಿತವಿರುವುದರಿಂದ ಅದು ಯಾರದೆಂದು ಎಂಟುನೂರು ವರ್ಷಗಳ ಮೇಲೂ ಗುರುತಿಸಬಹುದು. ಹೆಸರೇ ಅಳಿದು ಅಂಕಿತವಷ್ಟೇ ಉಳಿದ ವಚನಕಾರರೂ ಇದ್ದಾರೆ. ಇವತ್ತು ಗಿಟ್ ಎಂಬ ವ್ಯವಸ್ಥೆ ಪ್ರತಿ ಸಾಲಿನ ಪಕ್ಕದಲ್ಲಿ ಬರೆದವರ ಗುರುತನ್ನು ಕಾಪಾಡುವುದೂ ಇದೇ ಕಾರಣಕ್ಕೆ: ಹಂಚಿಕೊಂಡ ಕೆಲಸದಲ್ಲಿ ಯಾರ ಪಾಲು ಎಷ್ಟು ಎಂಬುದು ಅಳಿಸಿಹೋಗಬಾರದು.

ಇನ್ನೊಂದು ಆಕ್ಷೇಪ ವಿದ್ವಾಂಸರದು. ಶರಣರು ಸೇರುತ್ತಿದ್ದರೆನ್ನುವ ಅನುಭವ ಮಂಟಪ ಎಂಬ ಸಭೆ ಹನ್ನೆರಡನೆಯ ಶತಮಾನದಲ್ಲಿ ನಿಜಕ್ಕೂ ಇತ್ತೇ, ಅದರ ವಿವರ ಬರುವುದು ಮುಖ್ಯವಾಗಿ ‘ಶೂನ್ಯಸಂಪಾದನೆ’ಯಂಥ ನಂತರದ ಕೃತಿಗಳಲ್ಲಲ್ಲವೇ ಎಂದು ಅವರು ಕೇಳುತ್ತಾರೆ. ನನ್ನ ವಾದಕ್ಕೆ ಕಟ್ಟಡದ ಅಗತ್ಯವಿಲ್ಲ. ಆ ನಂತರದ ಕೃತಿಯೇ ನನಗೆ ಹೆಚ್ಚು ಬೇಕಾದ ಸಾಕ್ಷಿ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದ. ಅವನ ಕೃತಿಯನ್ನು ಹಲಗೆಯಾರ್ಯ ಪರಿಷ್ಕರಿಸಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯ ತಂತಮ್ಮ ಪರಿಷ್ಕರಣ ತಂದರು. ಸುಮಾರು ಒಂದು ಸಾವಿರ ವಚನಗಳಿದ್ದ ಕೃತಿ ಕೊನೆಯವನ ಕೈಯಲ್ಲಿ ಒಂದೂವರೆ ಸಾವಿರ ಮೀರಿತು. ಬದಲಾವಣೆ ಗಾತ್ರದ್ದಷ್ಟೇ ಅಲ್ಲ. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಪರಿಷ್ಕರಣಗಳು ಒಂದೇ ದಾರಿಯಲ್ಲಿ ಹೋಗಲಿಲ್ಲ. ತಂತ್ರಾಂಶದವರು ಫೋರ್ಕ್ ಎನ್ನುವುದು ಇದನ್ನೇ. ಮೂಲವನ್ನು ಒಪ್ಪದವನು ಅದನ್ನು ಸುಡಲಿಲ್ಲ, ಅದರಿಂದಲೇ ಎತ್ತಿಕೊಂಡು ತನ್ನ ದಾರಿಯಲ್ಲಿ ಬೆಳೆಸಿದ. ನಾಲ್ಕೂ ಉಳಿದಿರುವುದರಿಂದಲೇ ಇಂದಿನ ಸಂಶೋಧಕ ಎಲ್ಲಿ ಏನು ಬದಲಾಯಿತು ಎಂದು ಹೋಲಿಸಿ ನೋಡಬಲ್ಲ.

ಉಳಿದದ್ದು ಹೇಗೆ? 1160ರ ದಶಕದ ಕೊನೆಯಲ್ಲಿ ಬಿಜ್ಜಳನ ಕೊಲೆ, ಶರಣರ ಚದುರುವಿಕೆ. ತೆರೆದ ಬಾಗಿಲು ಕಲ್ಯಾಣದಲ್ಲಿ ಒಂದು ತಲೆಮಾರನ್ನೂ ದಾಟಲಿಲ್ಲ. ವಚನಗಳು ಮತ್ತೆ ಒಟ್ಟುಗೂಡಿದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಆಶ್ರಯದಲ್ಲಿ, ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರು ಸಂಕಲನಕ್ಕೆ ಕೂತಾಗ. ಆದರ್ಶ ಕಲ್ಯಾಣದ್ದು, ಖರ್ಚು ವಿಜಯನಗರದ್ದು. ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು ಮಠ ಮನೆಗಳಿಂದ ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಮುದ್ರಣಾಲಯಕ್ಕಾಗಿ ಮನೆ ಮಾರಿದರು. ಒಬ್ಬ ವಕೀಲರು ಮನೆ ಮಾರಬೇಕಾಯಿತು ಎಂಬುದನ್ನು ನಾವು ತ್ಯಾಗವೆಂದು ಕೊಂಡಾಡುತ್ತೇವೆ, ಏರ್ಪಾಡಿನ ಸೋಲೆಂದು ಓದುವುದಿಲ್ಲ. 1990ರ ದಶಕದಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ತಂದಾಗ ಮತ್ತೆ ಕಾಯುವ ಕೈ, ಸಂಬಳದ ಕೈ ಒಂದಾದವು. ಆ ಪಠ್ಯದ ಆಧಾರದಲ್ಲೇ ಓಂಶಿವಪ್ರಕಾಶ್ ಮತ್ತು ಗೆಳೆಯರು, ಓ.ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದ ಹುಡುಕಬಲ್ಲ ‘ವಚನ ಸಂಚಯ’ ಕಟ್ಟಿದರು. ಕಲ್ಯಾಣದ ಮಾತಿಗೆ ಬೆಂಗಳೂರಿನ ಯುವಕರು ಮುಕ್ತ ತಂತ್ರಾಂಶದ ಮನೆ ಕಟ್ಟಿಕೊಟ್ಟರು.

ಕಲ್ಯಾಣದ ಹುಡುಗರು ಎಲ್ಲಿದ್ದರು ಎಂಬ ಪ್ರಶ್ನೆಗೆ ನಡುವಿನ ಇತಿಹಾಸ ಅರ್ಧ ಉತ್ತರ ಕೊಡುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಬೀದರ್ ಜಿಲ್ಲೆ ನಿಜಾಮರದು. ಕಲ್ಯಾಣಿ ಎನಿಸಿದ್ದ ಕಲ್ಯಾಣ ನವಾಬರ ಜಾಗೀರು. ಶಾಲೆಯ ಮೇಲ್ತರಗತಿಗಳ ಭಾಷೆ ಉರ್ದು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಅದರ ಅನುವಾದ ಸಂಸ್ಥೆ ಗಣಿತ, ವೈದ್ಯ, ಕಾನೂನುಗಳ ಪಠ್ಯವನ್ನು ಉರ್ದುವಿಗೆ ತಂದಿತು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯ ಎಂದು ತೋರಿಸಿದ ದೊಡ್ಡ ಕೆಲಸ ಅದು, ಅದನ್ನು ಇಲ್ಲಿನ ಕನ್ನಡಿಗರು ಅಸಡ್ಡೆ ಮಾಡಬೇಕಿಲ್ಲ. ಆದರೆ ಅಲ್ಲಿ ಪದ ಕಟ್ಟಿದ್ದು ಸಮಿತಿ, ಕಲಿತದ್ದು ವಿದ್ಯಾರ್ಥಿ; ನಡುವೆ ಮರಳಿ ಬರುವ ದಾರಿ ಇರಲಿಲ್ಲ. ರಾಜ್ಯ ಹೋದೊಡನೆ ಮಾಧ್ಯಮ ಇಂಗ್ಲಿಷಾಯಿತು, ಆ ಪದಸಂಪತ್ತು ಕಪಾಟು ಸೇರಿತು. ಹಣವಿತ್ತು, ಹುದ್ದೆಗಳಿದ್ದವು, ಹೊರಗಿನ ಕೈಗಳಿರಲಿಲ್ಲ. ನಾಗಾವಿಯಲ್ಲಿ ಇದ್ದದ್ದು, ಶರಣರಲ್ಲಿ ಇದ್ದದ್ದು ಎರಡೂ ಒಟ್ಟಿಗೆ ಇರಬೇಕು ಎಂಬುದಕ್ಕೆ ಇದು ಮೂರನೆಯ ಸಾಕ್ಷಿ.

ಇವತ್ತು ಬಸವಕಲ್ಯಾಣದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿ ಬೀದರ್‌ಗಳಲ್ಲೂ ಇವೆ. ಅಲ್ಲಿನ ವಿದ್ಯಾರ್ಥಿ ಏನನ್ನು ಸೇರಿಸಬಲ್ಲ ಎಂದು ಹತ್ತಿರದಿಂದ ನೋಡೋಣ. ಲಿನಕ್ಸ್ ಬಳಸುವವರ ಪರದೆಯ ಮೇಲೆ ಕಾಣುವ ನೋಮ್ ಎಂಬ ವ್ಯವಸ್ಥೆಯ ಸಂದೇಶಗಳು ಒಂದು ಕಡತದಲ್ಲಿ ಸಾಲಾಗಿರುತ್ತವೆ: ಮೇಲೆ ಇಂಗ್ಲಿಷ್, ಕೆಳಗೆ ಕನ್ನಡಕ್ಕೆ ಖಾಲಿ ಜಾಗ. ಕಡತವೊಂದನ್ನು ತೆರೆಯಲಾಗಲಿಲ್ಲ ಎಂಬ ಸಂದೇಶದಲ್ಲಿ ಕಡತದ ಹೆಸರಿನ ಬದಲು ಶೇಕಡಾ ಚಿಹ್ನೆಯೂ ಎಸ್ ಅಕ್ಷರವೂ ಇರುತ್ತವೆ. ಹೆಸರನ್ನು ಯಂತ್ರ ಆಮೇಲೆ ತುಂಬುತ್ತದೆ. ಇಂಗ್ಲಿಷಿಗೆ ತೊಂದರೆಯಿಲ್ಲ. ಕನ್ನಡದಲ್ಲಿ ಆ ಹೆಸರಿಗೆ ದ್ವಿತೀಯಾ ವಿಭಕ್ತಿ ಹತ್ತಬೇಕು, ಹೆಸರು ಯಾವ ಸ್ವರದಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಯಕಾರವೋ ವಕಾರವೋ ನಕಾರವೋ ಬರಬೇಕು, ಬರೆಯುವಾಗ ಹೆಸರು ಯಾವುದೆಂದೇ ಗೊತ್ತಿಲ್ಲ. ಅನುಭವಿಗಳು ಚಿಹ್ನೆಯ ಮುಂದೆ ‘ಕಡತವನ್ನು’ ಎಂದು ಸೇರಿಸಿ ಪ್ರತ್ಯಯವನ್ನು ಅದರ ತಲೆಗೆ ಕಟ್ಟುತ್ತಾರೆ. ಇದನ್ನು ಕಲಿಯಲು ಹುಮನಾಬಾದ್‌ನ ಹುಡುಗಿಗೆ ಅಮೆರಿಕದ ಪದವಿ ಬೇಡ. ಏಳನೆಯ ತರಗತಿಯ ವ್ಯಾಕರಣವೂ ತಪ್ಪು ತೋರಿಸುವ ಒಬ್ಬರೂ ಸಾಕು. ಕನ್ನಡ ವಿಕಿಸೋರ್ಸ್‌ನ ನಿಯಮ ಇನ್ನೂ ಚೆನ್ನ. ಸ್ಕ್ಯಾನ್ ಆದ ಪುಟ ಮೊದಲು ಕೆಂಪು, ಒಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಿದರೆ ಹಳದಿ, ಇನ್ನೊಬ್ಬರು ಮತ್ತೆ ನೋಡಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ವಿದ್ಯಾರ್ಥಿಗಳು ವಿಕಿಮೀಡಿಯದ ಕನ್ನಡ ಯೋಜನೆಗಳಲ್ಲಿ ಹೀಗೆ ಕೈಯಾಡಿಸಿದ್ದಾರೆ. ಎರಡೂ ಕಡೆ ಕಾಲೇಜಿನೊಳಗೆ ಬೆನ್ನಿಗೆ ನಿಂತ ಒಂದು ಕೂಟವಿತ್ತು ಎಂಬುದನ್ನು ಗಮನಿಸಬೇಕು.

ಇದು ಬಡ ಜಿಲ್ಲೆಯ ಮಕ್ಕಳಿಂದ ಶ್ರೀಮಂತ ಕಂಪನಿಗಳಿಗೆ ಬಿಟ್ಟಿ ಚಾಕರಿ ಮಾಡಿಸುವ ಹುನ್ನಾರ ಎಂದು ಕೆಲವರು ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಓಪನ್ ಸೋರ್ಸ್‌ನ ಲಾಭ ದೊಡ್ಡವರ ಜೇಬಿಗೆ ಹೆಚ್ಚು ಇಳಿದಿದೆ. ಕಾಯಕದ ಹೆಸರು ಹೇಳಿ ಇದಕ್ಕೆ ಪುಣ್ಯದ ಬಣ್ಣ ಕೊಡುವುದು ಇನ್ನೂ ತಪ್ಪು. ಲಕ್ಕಮ್ಮನ ಗಂಡ ಆಯ್ದಕ್ಕಿ ಮಾರಯ್ಯ ಆಯ್ದು ತಂದ ಅಕ್ಕಿಯಿಂದ ಮನೆಯ ಒಲೆಯೂ ಉರಿಯುತ್ತಿತ್ತು. ಆದರೆ ಪರಿಹಾರ ಕೊಡುವುದನ್ನು ನಿಲ್ಲಿಸುವುದಲ್ಲ, ಕೊಡುವವರಿಗೆ ಕೂಲಿ ಕಟ್ಟುವುದು. ಗೂಗಲ್‌ನವರ ಬೇಸಿಗೆ ಯೋಜನೆ 2005ರಿಂದ ಹಣ ಕೊಟ್ಟೇ ಓಪನ್ ಸೋರ್ಸ್ ಕೆಲಸ ಮಾಡಿಸುತ್ತಿದೆ. ಔಟ್‌ರೀಚಿ ಎಂಬ ಯೋಜನೆ ಕೂಡ ಹಾಗೆಯೇ. ಅಲ್ಲಿಯ ಹಣಕ್ಕಿಂತ ಹೆಚ್ಚು ಬೆಲೆಯದು, ಸೇರಿದ ಪ್ರತಿಯೊಬ್ಬರಿಗೂ ಗೊತ್ತುಮಾಡಿದ ಮಾರ್ಗದರ್ಶಕ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಸಂಘಟನೆಗಳು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಕೆದಾರರ ಗುಂಪು ಕಟ್ಟಿ ಶಿಬಿರ ನಡೆಸಿದ್ದು ಒಳ್ಳೆಯ ಕೆಲಸ. ಆದರೆ ಶಿಬಿರ ಮುಗಿದ ಮೇಲಿನ ತಿಂಗಳುಗಳಲ್ಲಿ ಹುಡುಗರ ಪ್ರಶ್ನೆಗೆ ಊರಲ್ಲೇ ಉತ್ತರ ಹೇಳುವವರು ಬೇಕು. ಪ್ರತಿಭೆ ಇದ್ದವರು ತಾವೇ ಕಲಿತುಕೊಳ್ಳುತ್ತಾರೆ ಎಂಬ ವಾದ ಹಳಕಟ್ಟಿಯವರ ಮನೆ ಮಾರಿಸಿದ ವಾದವೇ. ಅದು ನೂರಕ್ಕೊಬ್ಬ ಹಟಮಾರಿಯನ್ನು ಕೊಡುತ್ತದೆ, ತಲೆಮಾರನ್ನು ಕೊಡುವುದಿಲ್ಲ.

ಹಣವಿಲ್ಲ ಎನ್ನುವಂತಿಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದಾಗ ಅದರ ಅಂದಾಜು 500 ಕೋಟಿ ರೂಪಾಯಿ. ಕಂಬ ಗೋಪುರಗಳ ಲೆಕ್ಕದ ಬದಿಯಲ್ಲಿ ಇನ್ನೊಂದು ಬಾಬ್ತು ಸೇರಲಿ: ವಚನಗಳ, ಶಾಸನಗಳ, ಕನ್ನಡ ತಂತ್ರಾಂಶದ ಕಡತಗಳನ್ನು ನೋಡಿಕೊಳ್ಳುವ, ಬಸವಕಲ್ಯಾಣ ಹುಮನಾಬಾದ್‌ಗಳ ಕಾಲೇಜುಗಳಿಂದ ಬರುವ ತಿದ್ದುಪಡಿಗಳನ್ನು ಓದಿ ಮರಳಿಸುವ ಆರು ಕಾಯಂ ಹುದ್ದೆಗಳು. ನಾಗಾವಿ 1058ರಲ್ಲಿ ಅಷ್ಟನ್ನು ಕೊಟ್ಟಿತ್ತು.